ಜ್ವರ, ಬಿಸಿನೀರು, ಸೋಡಿಯಂ: ಗದಗ ಕಡೆಯ ಒಂದು ಕೂಸಿನ ಫಿಟ್ಸ್ ಪ್ರಕರಣ

ನಾ ಹುಬ್ಬಳ್ಳಿಯೊಳಗ ಮಕ್ಕಳ ಡಾಕ್ಟರ್. ಈ ಪ್ರಕರಣ ಬರೀಲಿಕ್ಕೆ ಕಾರಣ ಅಂದ್ರ, ಫಿಟ್ಸ್ ನಿಲ್ಲಲಿ ಅಂತ ಕೊಟ್ಟ ಔಷಧನ ಫಿಟ್ಸ್ ಹೆಚ್ಚು ಮಾಡಿದ್ದು ಇದರಾಗ ಕಣ್ಣಿಗೆ ಕಾಣೂ ಹಂಗ ಅದ, ಮತ್ತ ಹಂಗ ಯಾಕಾತು ಅನ್ನೂದರ ಉತ್ತರ ಮೆದುಳಿನ ಕೋಶದೊಳಗ ಸೋಡಿಯಂ ಹೆಂಗ ಹೋಗಿ ಬಂದು ಮಾಡ್ತದ ಅನ್ನೂದ್ರಾಗ ಅದ. ಮನಿಯವರ ಒಪ್ಪಿಗಿ ತಗೊಂಡೇನಿ. ಗುರುತು ಹತ್ತೂ ವಿವರ ಬದಲಿಸೇನಿ, ಊರಿನ ಹೆಸರು ಬಿಟ್ಟೇನಿ. ರೋಗ ನಡದ ರೀತಿ, ಔಷಧ ಕೊಟ್ಟ ಕ್ರಮ, ಯಾವಾಗ ಏನು ನಿರ್ಧಾರ ಆತು ಅನ್ನೂದು ಇದ್ದದ್ದು ಇದ್ದಂಗ ಅದ.

ಗದಗ ಜಿಲ್ಲಾದ ಒಂದು ಹಳ್ಳಿ, ಮಲಪ್ರಭಾ ಕಾಲುವಿ ನೀರು ಒಂದು ವರ್ಷ ಬಂದ್ರ ಒಂದು ವರ್ಷ ಬರದ ಭಾಗ. ಕಡ್ಲಿ, ಜ್ವಾಳ, ಮೆಣಸಿನಕಾಯಿ ಬೆಳಿಯೂ ಒಕ್ಕಲುತನದ ಮನಿ. ಅಪ್ಪ ಮದುವಿ ಆದದ್ದು ಸ್ವಂತ ಅಕ್ಕನ ಮಗಳನ್ನ, ಇದು ನೆನಪಿಟ್ಕೊಳ್ರಿ, ಮುಂದ ಬರ್ತದ. ಚೊಚ್ಚಲ ಹೆಣ್ಣುಕೂಸು, ದಿನ ತುಂಬಿ ಹುಟ್ಟಿದ್ದು, ಹುಟ್ಟಿದ ಕೂಡ್ಲೆ ಅತ್ತದ್ದು, ಕುತ್ತಿಗಿ ನಿಂತದ್ದು, ನಕ್ಕದ್ದು ಎಲ್ಲಾ ವ್ಯಾಳ್ಯಾಕ್ಕ ಸರಿಯಾಗೇ ಆಗಿತ್ತು. ಅವ್ವ ತವರುಮನಿಯೊಳಗ ಇದ್ದಿದ್ದಕ್ಕ 14 ವಾರಕ್ಕ ಆಗಬೇಕಾಗಿದ್ದ ಪೆಂಟಾ ಲಸಿಕಿಯ (ನಾಯಿಕೆಮ್ಮೂ ಸೇರಿ ಐದು ರೋಗ ತಡಿಯೂದು) ಮೂರನೇ ಡೋಸ್ ತಡಾ ಆಗಿ ಐದು ತಿಂಗಳು ದಾಟಿದ ಮ್ಯಾಲೆ ಆತು. ಅವತ್ತ ಸಂಜಿಕೆ ಜ್ವರ ಬಂತು, ರಾತ್ರಿ ಬಲಗೈ ಬಲಗಾಲು ಹೊಡಕೊಳ್ಳಿಕ್ಕೆ ಸುರು ಆತು, ಕಣ್ಣು ಒಂದ ಕಡೆ ಎಳಕೊಂಡ್ವು. ಮನ್ಯಾಗಿನವರು ಉಳ್ಳಾಗಡ್ಡಿ ಮೂಸಿಸಿದ್ರು, ಕೈಯಾಗ ಕೀಲಿ ಹಿಡ್ಸಿದ್ರು, ಆಮ್ಯಾಲೆ ಟ್ರ್ಯಾಕ್ಸ್ ಹಿಡದು ತಾಲೂಕಿಗೆ ಬರೂದ್ರಾಗ ಮುಕ್ಕಾಲು ತಾಸು ಆಗಿತ್ತು. ಅಲ್ಲೆ ಇಂಜೆಕ್ಷನ್ ಕೊಟ್ಟು ನಿಲ್ಲಿಸಿದ್ರು.

ಜ್ವರದ ಫಿಟ್ಸ್ ನಮಗ ಹೊಸಾದೇನಲ್ಲ. 6 ತಿಂಗಳಿಂದ 5 ವರ್ಷದ ಮಕ್ಕಳೊಳಗ ನೂರಕ್ಕ 2ರಿಂದ 5 ಮಂದಿಗೆ ಬರ್ತದ. ಹೆಚ್ಚಿನವ್ರಿಗೆ 15 ನಿಮಿಷದೊಳಗ ತಾನ ನಿಲ್ತದ, ಎರಡೂ ಬದಿಗೆ ಸಮ ಇರ್ತದ, ಒಂದು ದಿನಕ್ಕ ಒಮ್ಮೆ ಅಷ್ಟ, ಮುಂದ ಏನೂ ಆಗೂದಿಲ್ಲ. ಈ ಕೂಸಿಗೆ ಬಂದದ್ದು ಇದಕ್ಕ ಹೊಂದೂದಿಲ್ಲ, ಭಾಳ ಹೊತ್ತು ನಡದದ, ಒಂದ ಬದಿಗೆ ಬಂದದ, ವಯಸ್ಸೂ 6 ತಿಂಗಳಿಗಿಂತ ಕಡಿಮಿ. ಆದ್ರ ಮೊದಲನೇ ಸಲ ಬಂದಾಗ ಇದನ್ನೆಲ್ಲಾ ಕೂಡಿಸಿ ನೋಡೂ ಡಾಕ್ಟರು ದೊಡ್ಡ ಊರಾಗೂ ಕಡಿಮಿ, ಸ್ಕ್ಯಾನ್ ಚಲೋ ಬಂತು, ಮನಿಗೆ ಕಳಿಸಿದ್ರು. ಊರಾಗ ಮಾತು ಹಬ್ಬಿದ್ದು ಒಂದ: ಸೂಜಿ ಹಾಕಿಸಿದ್ದಕ್ಕ ಹಿಂಗಾತು. ಆ ಓಣಿಯ ಇನ್ನೆರಡು ಮನಿಯವರು ತಮ್ಮ ಕೂಸಿಗೆ ಲಸಿಕಿ ಹಾಕ್ಸೂದು ಬಿಟ್ರು. ಆಶಾ ಕಾರ್ಯಕರ್ತೆ ಇವರ ಮನಿ ಮುಂದ ಹಾಯ್ದ್ರ ಅಜ್ಜಿ ಬಾಗಲಾ ಹಾಕ್ಕೋತಿದ್ಲಂತ.

ಏಳನೇ ತಿಂಗಳಿಗೆ ಇನ್ನೊಮ್ಮೆ ಬಂತು, ಈ ಸಲ ಜ್ವರ ಇರ್ಲಿಲ್ಲ. ನಮ್ಮ ಕಡೆ ಕೂಸಿಗೆ ಎಣ್ಣಿ ತಿಕ್ಕಿ, ಕಾಲ ಮ್ಯಾಲೆ ಹಾಕ್ಕೊಂಡು, ಹಂಡೇದ ಸುಡು ನೀರು ಬೆರಸಿ ಎರಿಯೂದು ಇರ್ತದಲ್ಲ, ಹಂಗ ಎರದು ಲೋಬಾನದ ಹೊಗಿ ಹಿಡ್ಯೂದ್ರಾಗ ಎಡಗೈ ಎಡಗಾಲು ಸುರು ಆತು. ಆಮ್ಯಾಲೆ ನೆಗಡಿ ಜ್ವರದಾಗ ಬಲಕ್ಕ ಬಂತು. ಒಂದ ಬದಿಗೆ ಬರೂ ಫಿಟ್ಸ್ ಅಂದ್ರ ಮೆದುಳಿನ ಒಂದು ಜಾಗಾದಿಂದ ಹೊರಡೂ ಫಿಟ್ಸ್, ಅದಕ್ಕ ಎಲ್ಲಾರೂ ಬರಿಯೂ ಔಷಧ ಕಾರ್ಬಮಜೆಪಿನ್, ಒಂಬತ್ತನೇ ತಿಂಗಳಿಗೆ ಅದನ್ನ ಸುರು ಮಾಡಿದ್ರು. ಬರದ ಡಾಕ್ಟರದು ತಪ್ಪು ಅನ್ನೂದಕ್ಕ ನಾ ತಯಾರಿಲ್ಲ, ಕಾಗದದ ಮ್ಯಾಲೆ ನೋಡಿದ್ರ ಅದು ಸರಿಯಾದ ಆಯ್ಕಿನೇ. ಫಿಟ್ಸ್ ಕಡಿಮಿ ಆಗ್ಲಿಲ್ಲಂತ ಡೋಸ್ ಏರಿಸಿದ್ರು. ಹನ್ನೊಂದನೇ ತಿಂಗಳ ಹೊತ್ತಿಗೆ ಜ್ವರ, ಬಿಸಿನೀರು ಎರಡೂ ಇಲ್ಲದೇನೂ ಬರ್ಲಿಕ್ಕೆ ಹತ್ತಿದ್ವು, ಅದರ ಜೋಡಿ ಕೂಸು ಸುಮ್ ಸುಮ್ನ ಬೆಚ್ಚಿ ಬಿದ್ದಂಗ ಸಣ್ಣ ಸಣ್ಣ ಝಟಕಾ. ಅಷ್ಟರಾಗ ಇನ್ನೊಬ್ಬರು ಬಿಸಿನೀರಿನ ಫಿಟ್ಸ್ ಇರಬೇಕು ಅಂದ್ರು.

ಇಲ್ಲೆ ಒಂದು ಮಾತು ಹೇಳಲೇಬೇಕು. ಕರ್ನಾಟಕದ ಡಾಕ್ಟರಿಗೆ ಬಿಸಿನೀರಿನ ಫಿಟ್ಸ್ ಮನಿಮಾತು ಇದ್ದಂಗ. ತಲಿ ಮ್ಯಾಲೆ 40ರಿಂದ 50 ಡಿಗ್ರಿ ಸುಡೂ ನೀರು ಸುರಕೊಂಡಾಗ ಬರೂ ಈ ಫಿಟ್ಸ್ ನಮ್ಮ ರಾಜ್ಯದ ದಕ್ಷಿಣ ಭಾಗದಾಗ ಭಾಳ, ಬೆಂಗಳೂರಿನ ನಿಮ್ಹಾನ್ಸ್‌ದವರು ದಶಕಗಟ್ಟಲೆ ಇದರ ಮ್ಯಾಲೆ ಕೆಲಸ ಮಾಡ್ಯಾರ. ನೀರಿನ ಬಿಸಿ ಕಡಿಮಿ ಮಾಡಿದ್ರ, ಬೇಕಾದ್ರ ತಲಿಸ್ನಾನಕ್ಕ ಒಂದೆರಡು ತಾಸು ಮೊದಲ ಕ್ಲೋಬಜಾಮ್ ಕೊಟ್ರ, ಹೆಚ್ಚಿನವ್ರಿಗೆ ಅಷ್ಟ ಸಾಕಾಗ್ತದ. ಅದಕ್ಕ ಈ ಕೂಸಿಗೂ ಉಗುರುಬೆಚ್ಚಗಿನ ನೀರು ಹಾಕ್ರಿ ಅಂದ್ರು, ಜಳಕದ ಹೊತ್ತಿನ ಫಿಟ್ಸ್ ಖರೇನ ಕಡಿಮಿ ಆದ್ವು. ಆ ಅರ್ಧ ಸಮಾಧಾನನ ಒಂದೆರಡು ತಿಂಗಳು ತಿಂತು, ಯಾಕಂದ್ರ ಉತ್ತರ ಸಿಕ್ಕತು ಅಂತ ಎಲ್ಲಾರೂ ಅನ್ಕೊಂಡ್ರು. ಈ ಕೂಸಿಗೆ ತಲಿಗೆ ನೀರು ಬೀಳೂದ ಬೇಕಾಗಿರ್ಲಿಲ್ಲ, ಮೈ ಬಿಸಿ ಏರಿದ್ರ ಸಾಕಿತ್ತು, ಅದು ಜ್ವರದಿಂದ ಏರ್ಲಿ, ನೀರಿಂದ ಏರ್ಲಿ, ಬ್ಯಾಸಗಿ ಮಧ್ಯಾಹ್ನದ ಬಿಸಲಿಂದ ಏರ್ಲಿ. ಆ ವ್ಯತ್ಯಾಸ ಕೇಳಿದವರು ಯಾರೂ ಇರ್ಲಿಲ್ಲ.

ನನ್ನ ಹತ್ರ ಬಂದಾಗ ಕೂಸಿಗೆ ಹದಿಮೂರು ತಿಂಗಳು. ಚೀಲದ ತುಂಬ ರಿಪೋರ್ಟು, ಎಂಆರ್‌ಐ ನಾರ್ಮಲ್, ಮೊದಲನೇ ಇಇಜಿ (ಮೆದುಳಿನ ವಿದ್ಯುತ್ ಅಲೆ ನೋಡೂ ಪರೀಕ್ಷಾ) ನಾರ್ಮಲ್, ಎರಡನೇದ್ರಾಗ ಅಲ್ಲಲ್ಲಿ ಸ್ವಲ್ಪ ಏರುಪೇರು. ಅದನ್ನೆಲ್ಲಾ ನೋಡಿ ಮುಗಿಸಿದ ಮ್ಯಾಲೆ ಅವ್ವ ಚೀಲದ ತಳದಿಂದ ಗ್ವಾಡಿ ಕ್ಯಾಲೆಂಡರ್ ತಗದ್ಲು, ಸುರುಳಿ ಸುತ್ತಿ ರಬ್ಬರ್ ಹಾಕಿದ್ದು.

ಆ ಕ್ಯಾಲೆಂಡರ್ ಬಗ್ಗೆ ಸ್ವಲ್ಪ ಹೆಚ್ಚು ಹೇಳ್ತೇನಿ, ಯಾಕಂದ್ರ ಪ್ರಕರಣ ತಿರುಗಿದ್ದು ಅಲ್ಲೆ. ಹೆಣ್ಣುಮಗಳು ಏಳನೇತ್ತಾ ಕಲ್ತಾಕಿ. ಫಿಟ್ಸ್ ಬಂದ ಒಂದೊಂದು ತಾರೀಖಿನ ಮನ್ಯಾಗ ಕೆಂಪು ಪೆನ್ನಿನ್ಯಾಗ ಗೀಟು, ಅದರ ಬಾಜೂಕ ಸಣ್ಣ ಅಕ್ಷರದಾಗ ‘ಎಡ’, ‘ಬಲ’, ‘ಎರದಾಗ’, ‘ಮೈ ಬಿಸಿ’, ‘ಭಾಳೊತ್ತು’. ಔಷಧ ಬದಲಾದ ದಿನಕ್ಕ ನೀಲಿ ಸುತ್ತು. ಅತ್ತಿ ಅಮಾಸಿಗೆ ಬರ್ತಾವ ಅಂತ ಹಠ ಹಿಡಿದಿದ್ಲಂತ, ಅದಕ್ಕ ಸೊಸಿ ಅಮಾಸಿಯ ಕರೇ ಚುಕ್ಕಿ ಜೋಡಿ ಕೆಂಪು ಗೀಟು ಹೊಂದ್ತಾವೇನು ಅಂತ ನೋಡ್ಲಿಕ್ಕೇ ಇದನ್ನ ಸುರು ಮಾಡಿದ್ದು. ಹೊಂದಿರ್ಲಿಲ್ಲ. ಆದ್ರ ಕಾರ್ಬಮಜೆಪಿನ್ ನೀಲಿ ಸುತ್ತಿನ ಹಿಂದಿನ ಹಾಳಿಯೊಳಗ ತಿಂಗಳಿಗೆ ಒಂದೋ ಎರಡೋ ಗೀಟು, ಮುಂದಿನ ಹಾಳಿಯೊಳಗ ವಾರಕ್ಕ ಒಂದೆರಡು, ಡೋಸ್ ಏರಿಸಿದ ಸುತ್ತಾದ ಮ್ಯಾಲೆ ಕೆಲವು ದಿನ ಗೀಟು ಹಾಕ್ಲಿಕ್ಕೆ ಜಾಗಾ ಇಲ್ಲದ ಕೆಂಪು ಚುಕ್ಕಿ ಇಟ್ಟಿದ್ಲು. ಅವು ಝಟಕಾ. ಮತ್ತ ಎಡ-ಬಲ ಒಂದಾದ ಮ್ಯಾಲೆ ಒಂದು ಬದಲಾಗೂದು ಮೊದಲನೇ ಹಾಳಿಯಿಂದಲೂ ಇತ್ತು. ಮೊಬೈಲ್‌ನ್ಯಾಗ ಅಪ್ಪ ಹಿಡದ ಎರಡು ವಿಡಿಯೋನೂ ಅದನ್ನೇ ಹೇಳಿದ್ವು.

ಮೆದುಳಿನ ಒಂದು ಜಾಗಾದಾಗ ಕಲೆ ಇದ್ರ ಫಿಟ್ಸ್ ಯಾವಾಗ್ಲೂ ಮೈಯ ಒಂದ ಬದಿಗೆ ಬರಬೇಕು. ಇವತ್ತ ಎಡಕ್ಕ, ಮುಂದಿನ ಸಲ ಬಲಕ್ಕ ಅಂದ್ರ ತೊಂದ್ರಿ ಜಾಗಾದಲ್ಲ, ಕೋಶದ್ದು. ಒಂದು ವರ್ಷದೊಳಗ ಸುರು, ಜ್ವರ ಮತ್ತ ಬಿಸಿಗೆ ಬರೂದು, ಭಾಳ ಹೊತ್ತು ನಡ್ಯೂದು, ಬದಿ ಬದಲಾಗೂದು, ಸ್ಕ್ಯಾನ್ ಚಲೋ ಇರೂದು, ಮೊದಲ ಬೆಳವಣಿಗಿ ಸರಿ ಇದ್ದು ಆಮ್ಯಾಲೆ ನಿಧಾನ ಆಗೂದು. ಇಷ್ಟೂ ಕೂಡಿದ್ರ ಅದಕ್ಕ ಡ್ರಾವೆ ಸಿಂಡ್ರೋಮ್ ಅಂತಾರ. ಫ್ರಾನ್ಸಿನ ಷಾರ್ಲೋಟ್ ಡ್ರಾವೆ ಅನ್ನೂ ಡಾಕ್ಟರಮ್ಮ 1978ರಾಗ ಇಂಥಾ ಮಕ್ಕಳ ಬಗ್ಗೆ ಬರದ್ರು. ಜೀನ್ ಪರೀಕ್ಷಾ ಇಲ್ಲದ ಕಾಲದಾಗ, ಅವ್ವಂದಿರು ಹೇಳಿದ್ದು ಕೇಳಿ, ಮಕ್ಕಳನ್ನ ವರ್ಷಗಟ್ಟಲೆ ನೋಡಿ ಗುರುತು ಹಿಡಿದ್ರು. ಅಂದ್ರ ಜೀನ್ ರಿಪೋರ್ಟ್ ಬರೂತನಕ ಕೈ ಕಟ್ಟಿ ಕೂಡೂ ಅಗತ್ಯ ನಮಗೂ ಇಲ್ಲ.

ದೊಡ್ಡ ನಿರ್ಧಾರ ಅದ ಆಗಿತ್ತು. ಜೀನ್ ಪರೀಕ್ಷಾಕ್ಕ ರಕ್ತ ಕಳಿಸಿದ್ದು ಬ್ಯಾರೆ, ಅದು ಬರ್ಲಿಕ್ಕೆ ವಾರಗಟ್ಟಲೆ ಬೇಕು. ಅಲ್ಲಿತನಕ ಕಾರ್ಬಮಜೆಪಿನ್ ನಡಸೂದೋ ಬಿಡ್ಸೂದೋ? ಫಿಟ್ಸ್ ಹೆಚ್ಚಾಗಿ ಓಡಿ ಬಂದ ಮನಿಯವರಿಗೆ ಇರೂ ಔಷಧ ಕಡಿಮಿ ಮಾಡೋಣ ಅಂದ್ರ ಹೆಂಗನಸ್ತದ ಹೇಳ್ರಿ. ಅಪ್ಪ ಬಾಯಿ ಬಿಟ್ಟ ಅಂದ: ‘ಇದ್ದದ್ದನ್ನೂ ತಗದ್ರ ಕೂಸು ಉಳದೀತೇನ್ರೀ?’ ನಾ ಕ್ಯಾಲೆಂಡರಿನ ಎರಡು ಹಾಳಿ ಬಾಜೂಕ ಬಾಜೂಕ ಇಟ್ಟೆ. ಅವ್ವಗ ಅದು ಮೊದಲ ಗೊತ್ತಿತ್ತು, ಆಕಿ ಒಂದೆರಡು ಕಡೆ ಹೇಳಿನೂ ಇದ್ಲಂತ, ಗುಳಿಗಿ ಸುರು ಆದ ಮ್ಯಾಲೆ ಜಾಸ್ತಿ ಆಗ್ಯಾವ ಅಂತ, ಆದ್ರ ರೋಗ ಜೋರಾಗ್ಲಿಕ್ಕತ್ತದ ಅಂತ ಅವ್ರು ತಿಳಕೊಂಡ್ರು. ಔಷಧದ ಹೆಸರು ಹೇಳಿ ಅಲ್ಲ, ತಾರೀಖು ತೋರ್ಸಿ ಹೇಳೂ ಅವ್ವನ ಮಾತನ್ನ ಯಾರೂ ಹಗರ ಮಾಡಬಾರದು, ಇದನ್ನ ನಾ ಭಾಳ ಜೋರಾಗೇ ಹೇಳ್ತೇನಿ.

ಆಸ್ಪತ್ರಿಯೊಳಗ ಇಟ್ಕೊಂಡು ಮೊದಲ ಕ್ಲೋಬಜಾಮ್ ಸುರು ಮಾಡಿದ್ವಿ, ಅದರ ಆಸರಾದಾಗ ಕಾರ್ಬಮಜೆಪಿನ್ ಹಂತ ಹಂತವಾಗಿ ಇಳಿಸಿದ್ವಿ. ವ್ಯಾಲ್ಪ್ರೊಯೇಟ್ ಅನ್ನೂ ಇನ್ನೊಂದು ಫಿಟ್ಸ್ ಔಷಧನೂ ಬೇಕಾಗಿತ್ತು, ಆದ್ರ ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಲಿವರ್‌ಗೆ ಪೆಟ್ಟು ಕೊಡೂ ಅಪಾಯ ಜಾಸ್ತಿ, ಅದರಾಗೂ ಚಯಾಪಚಯದ ದೋಷ ಇದ್ರ. ಅದಕ್ಕ ಆ ಪರೀಕ್ಷಾ, ಲಿವರ್ ಪರೀಕ್ಷಾ ಮುಗಿಸಿ, ಧಾರವಾಡದ ನರರೋಗ ತಜ್ಞರ ಜೋಡಿ ಮಾತಾಡಿ ಆಮ್ಯಾಲೆ ಕೊಟ್ಟೆ. ಕಾರ್ಬಮಜೆಪಿನ್ ಪೂರ್ತಿ ಬಿಟ್ಟ ಒಂದು ತಿಂಗಳೊಳಗ ಝಟಕಾ ನಿಂತ್ವು. ದೊಡ್ಡ ಫಿಟ್ಸ್ ನಿಲ್ಲಲಿಲ್ಲ, ತಿಂಗಳಿಗೆ ಒಂದರ ಮಟ್ಟಕ್ಕ ಇಳದ್ವು.

ರಿಪೋರ್ಟ್ ಬಂತು. ಎಸ್‌ಸಿಎನ್1ಎ ಅನ್ನೂ ಜೀನ್‌ನ್ಯಾಗ, ಪ್ರೋಟೀನ್ ಅರ್ಧಕ್ಕ ನಿಂತುಹೋಗೂ ಹಂತಾ ಬದಲಾವಣಿ. ಎರಡನೇ ಕ್ರೋಮೋಸೋಮಿನ ಮ್ಯಾಲೆ ಇರೂ ಈ ಜೀನು ನರಕೋಶದ ಸೋಡಿಯಂ ಚಾನೆಲ್ ಒಂದನ್ನ ತಯಾರ ಮಾಡ್ತದ, ಎನ್‌ಎವಿ1.1 ಅಂತ ಅದರ ಹೆಸರು. ಜೀನಿನ ಎರಡು ಪ್ರತಿಯೊಳಗ ಒಂದು ಕೆಟ್ಟಿತ್ತು, ಅಂದ್ರ ಆ ಚಾನೆಲ್ ಅರ್ಧದಷ್ಟ ತಯಾರಾಗ್ತಿದ್ವು.

ಅಪ್ಪಗ ಅದನ್ನ ತಿಳಿಸಿ ಹೇಳ್ಲಿಕ್ಕೆ ಕೂತೆ. ನರಕೋಶದ ಹೊರಗ ಸೋಡಿಯಂ ಭಾಳ, ಲೀಟರಿಗೆ ಸುಮಾರು 145 ಮಿಲಿಮೋಲ್, ಒಳಗ 10-15 ಅಷ್ಟ. ಪೊಟ್ಯಾಷಿಯಂ ಉಲ್ಟಾ, ಒಳಗ 140ರ ಆಸುಪಾಸು, ಹೊರಗ 3ರಷ್ಟು. ಇದು ತಾನಾಗೇ ಹಂಗ ಇರೂದಲ್ಲ, ಕೋಶದ ಪೊರಿಯೊಳಗಿನ ಪಂಪ್ ಒಂದೊಂದು ಸಲಕ್ಕ 3 ಸೋಡಿಯಂ ಹೊರಗ ಹಾಕಿ 2 ಪೊಟ್ಯಾಷಿಯಂ ಒಳಗ ತಗೋತದ, ಮೆದುಳು ಖರ್ಚು ಮಾಡೂ ಶಕ್ತಿಯೊಳಗ ದೊಡ್ಡ ಪಾಲು ಇದಕ್ಕೇ ಹೋಗ್ತದ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಾಗ ಇದನ್ನ ಕಂಡುಹಿಡದು 1997ರಾಗ ನೊಬೆಲ್ ತಗೊಂಡ್ರು. ಹಿಂಗ ಕಾಯ್ದು ಇಟ್ಟ ಹೆಚ್ಚುಕಡಿಮಿಯಿಂದ ಕೋಶದ ಒಳಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮಿ ಇರ್ತದ. ಸೋಡಿಯಂ ಚಾನೆಲ್ ತೆರದ್ರ ಸೋಡಿಯಂ ಒಳಗ ನುಗ್ತದ, ಒಂದು ಮಿಲಿಸೆಕೆಂಡಿನಷ್ಟರಾಗ ಚಾನೆಲ್ ಮುಚ್ಚತದ, ಪೊಟ್ಯಾಷಿಯಂ ಹೊರಗ ಹೋಗಿ ಕೋಶ ಮೊದಲಿನ ಸ್ಥಿತಿಗೆ ಬರ್ತದ. ನರಕೋಶದುದ್ದಕ್ಕೂ ಸುದ್ದಿ ಹರಿಯೂದು ಅಂದ್ರ ಇಷ್ಟ.

ನಾ ಸೋಡಿಯಂ ಚಾನೆಲ್ ಅಂದದ್ದನ್ನ ಆತ ಗೇಟ್ ಅಂತ ತಿಳಕೊಂಡ. ಕಾಲುವಿ ಮಂದಿಗೆ ಹಂಗ ಹೇಳಿದ್ರ ಲಗೂ ತಿಳೀತದ. ಆಮ್ಯಾಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: ‘ಡಾಕ್ಟ್ರ, ಎರಡು ಗೇಟಿನ್ಯಾಗ ಒಂದು ಕೆಟ್ಟೈತಿ, ಅರ್ಧಾನ ನೀರು ಬರತೈತಿ ಅಂತೀರಿ. ನಮ್ಮ ಕಾಲುವ್ಯಾಗ ಹಂಗಾದ್ರ ಹೊಲ ಒಣಗತೈತಿ. ಈ ಕೂಸಿನ ಮೆದುಳು ಉಕ್ಕಿ ಹರ್ಯಾಕತ್ತೈತಲ್ಲ, ಅದ್ಹೆಂಗ?’

ಈ ಪ್ರಶ್ನಿ ಎಷ್ಟು ಚಲೋ ಪ್ರಶ್ನಿ ಅಂದ್ರ, ಸಂಶೋಧಕರನ್ನೂ ಇದು ಕೆಲವು ವರ್ಷ ಕಾಡಿತ್ತು. ಬೆಲ್ಜಿಯಂದವರು 2001ರಾಗ ಇಂಥಾ ಏಳು ಮಕ್ಕಳನ್ನ ಪರೀಕ್ಷಾ ಮಾಡಿ ಏಳರಾಗೂ ಎಸ್‌ಸಿಎನ್1ಎ ದೋಷ ಕಂಡ್ರು. ಸೋಡಿಯಂ ಕಡಿಮಿ ಆದ್ರ ಕೋಶ ಸುಮ್ಮನಾಗಬೇಕು, ಫಿಟ್ಸ್ ಯಾಕ? ಉತ್ತರ ಸಿಕ್ಕದ್ದು 2006ರಾಗ, ಅಮೆರಿಕಾದ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿಲಿಯಂ ಕ್ಯಾಟರಾಲ್ ಅವರ ತಂಡದಿಂದ. ಅದ ಜೀನ್ ಕೆಡಿಸಿದ ಇಲಿಗಳ ಮೆದುಳಿನ ಕೋಶ ನೋಡಿದ್ರ, ಚಟುವಟಿಕಿ ಹೆಚ್ಚಿಸೂ ಕೋಶದಾಗ ಸೋಡಿಯಂ ಪ್ರವಾಹ ಹೆಚ್ಚು ಕಡಿಮಿ ಸರಿ ಇತ್ತು. ಬಿದ್ದುಹೋಗಿದ್ದು ಚಟುವಟಿಕಿ ತಡಿಯೂ ಕೋಶದಾಗ. ಯಾಕಂದ್ರ ಉಳಿದ ಕೋಶಕ್ಕ ಬ್ಯಾರೆ ಥರದ ಸೋಡಿಯಂ ಚಾನೆಲ್‌ನ ಆಸರಾ ಇರ್ತದ, ಈ ತಡಿಯೂ ಕೋಶ ಮಾತ್ರ ಎನ್‌ಎವಿ1.1 ಮ್ಯಾಲೇನ ನಿಂತಿರ್ತಾವ. ಅದಕ್ಕ ನಾ ಅಪ್ಪಗ ಅಂದೆ, ಕೆಟ್ಟದ್ದು ಹೊಲದ ಗೇಟ್ ಅಲ್ಲಪ್ಪ, ಹೆಚ್ಚಾದ ನೀರನ್ನ ಹಳ್ಳಕ್ಕ ಬಿಡೂ ಗೇಟ್. ಆತ ಮುಂದಿಂದು ತಾನ ಮುಗಿಸಿದ: ‘ಅಂದ್ರ ಆ ಗುಳಿಗಿ ಉಳದ ಅರ್ಧಾನೂ ಮುಚ್ಚಿತ್ತು.’ ಅಷ್ಟ ಸಾಕಿತ್ತು. ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ಫೆನಿಟೋಯಿನ್, ಲ್ಯಾಮೊಟ್ರಿಜಿನ್, ಇವೆಲ್ಲಾ ಸೋಡಿಯಂ ಚಾನೆಲ್ ಮುಚ್ಚೂ ಔಷಧ. ಲ್ಯಾಮೊಟ್ರಿಜಿನ್‌ನಿಂದ ಡ್ರಾವೆ ಮಕ್ಕಳಿಗೆ ಕೆಡುಕಾಗ್ತದ ಅಂತ 1998ರಾಗೇ ವರದಿ ಬಂದಿತ್ತು, ಕಾರಣ ತಿಳೀಲಿಕ್ಕೆ ಅಷ್ಟು ವರ್ಷ ಬೇಕಾತು.

ಆದ್ರ ಇದನ್ನ ಓದಿ ಸೋಡಿಯಂ ಚಾನೆಲ್ ಅಂದ ಕೂಡ್ಲೆ ಈ ಔಷಧ ಕೆಟ್ಟವು ಅನ್ಕೋಬ್ಯಾಡ್ರಿ. ಎಸ್‌ಸಿಎನ್8ಎ ಅನ್ನೂ ಅದ ಕುಟುಂಬದ ಇನ್ನೊಂದು ಜೀನ್ ಕೆಟ್ರ ಸಾಮಾನ್ಯವಾಗಿ ಚಾನೆಲ್ ಅತಿಯಾಗಿ ತೆರೀತದ, ಅಲ್ಲೆ ಇವೇ ಔಷಧ ಕೂಸಿನ ಪ್ರಾಣ ಉಳಸ್ತಾವ. ಹುಟ್ಟಿದ ವಾರದೊಳಗ ಫಿಟ್ಸ್ ಬರೂ ಕೆಸಿಎನ್‌ಕ್ಯೂ2 ಅನ್ನೂ ಪೊಟ್ಯಾಷಿಯಂ ಚಾನೆಲ್ ದೋಷಕ್ಕೂ ಕಾರ್ಬಮಜೆಪಿನ್ ಚಲೋ ಕೆಲಸ ಮಾಡ್ತದ. ಯಾವ ಚಾನೆಲ್, ಹೆಚ್ಚಾಗ್ಯದೋ ಕಡಿಮಿ ಆಗ್ಯದೋ, ಯಾವ ಕೋಶದಾಗ, ಈ ಮೂರೂ ಗೊತ್ತಾಗಬೇಕು. ವಯಸ್ಸೂ ಲೆಕ್ಕಕ್ಕ ಬರ್ತದ. ತಡಿಯೂ ಕೋಶ ಬಿಡೂ ಗಾಬಾ ಅನ್ನೂ ರಾಸಾಯನಿಕ ಮುಂದಿನ ಕೋಶದ ಕ್ಲೋರೈಡ್ ದಾರಿ ತೆರೀತದ, ಕ್ಲೋರೈಡ್ ಒಳಗ ಹೋಗಿ ಕೋಶ ಸುಮ್ಮನಾಗ್ತದ. ಹಸಗೂಸಿನ ಮೆದುಳಿನ್ಯಾಗ ಕ್ಲೋರೈಡ್ ಹೊರಗ ಹಾಕೂ ಕೆಸಿಸಿ2 ಅನ್ನೂ ಪ್ರೋಟೀನ್ ಇನ್ನೂ ಬಲತಿರೂದಿಲ್ಲ, ಒಳಗ ಎಳಿಯೂ ಎನ್‌ಕೆಸಿಸಿ1 ಜೋರಿರ್ತದ, ಹಿಂಗಾಗಿ ಅಲ್ಲೆ ಗಾಬಾದ ಕೆಲಸ ಅಷ್ಟು ಭರವಸಿದ್ದಲ್ಲ. ಡ್ರಾವೆ ಹುಟ್ಟಿದ ಕೂಡ್ಲೆ ಕಾಣದ ಆರು ತಿಂಗಳ ಸುಮಾರಿಗೆ ಕಾಣೂದಕ್ಕೂ ಇಂಥದ ವಿವರಣೆ ಕೊಡ್ತಾರ: ಗರ್ಭದಾಗ ಮತ್ತ ಹುಟ್ಟಿದ ಹೊಸತನದಾಗ ಎನ್‌ಎವಿ1.3 ಅನ್ನೂ ಚಾನೆಲ್ ಕೆಲಸ ನಡಸಿರ್ತದ, ಅದು ಕಡಿಮಿ ಆಗಿ 1.1ರ ಪಾಳಿ ಬಂದಾಗ ಕೊರತಿ ಹೊರಗ ಬೀಳ್ತದ.

ಇನ್ನ ಸಂಬಂಧದ ಮದುವಿ ಮಾತು. ಈ ಒಂದು ವರ್ಷದಾಗ ಅವ್ವ ಕೇಳಿದ್ದು ಇದನ್ನೇ, ಸ್ವಾದರಮಾವನ್ನ ಮದುವಿ ಆದದ್ದಕ್ಕ ಹಿಂಗಾತು ಅಂತ ಮಂದಿ ಅಂದ್ರು, ಆಸ್ಪತ್ರಿಯೊಳಗೂ ಅಂದ್ರು. ಗಂಡ-ಹೆಂಡತಿ ಇಬ್ಬರ ರಕ್ತನೂ ಕಳಿಸಿದ್ವಿ, ಇಬ್ಬರಾಗೂ ಆ ಬದಲಾವಣಿ ಇರ್ಲಿಲ್ಲ. ಡ್ರಾವೆ ಮಕ್ಕಳೊಳಗ ಹತ್ತಕ್ಕ ಒಂಬತ್ತರಷ್ಟು ಹಿಂಗ, ಹೊಸಾದಾಗಿ ಆ ಕೂಸಿನ್ಯಾಗೇ ಹುಟ್ಟಿದ್ದು, ಒಂದು ಪ್ರತಿ ಕೆಟ್ರ ಸಾಕು, ಅಪ್ಪ-ಅವ್ವ ಸಂಬಂಧಿಕರಿದ್ರೂ ಅಷ್ಟ, ಇರದಿದ್ರೂ ಅಷ್ಟ. ಹಂಗಂತ ಸಂಬಂಧದ ಮದುವಿ ನಿರಪಾಯ ಅಂತ ನಾ ಹೇಳ್ಲಿಕ್ಕತ್ತಿಲ್ಲ, ಮ್ಯಾಲೆ ಹೇಳಿದ ಕೆಸಿಸಿ2 ಜೀನಿನ ಎರಡೂ ಪ್ರತಿ ಕೆಟ್ಟು ಬರೂ ಫಿಟ್ಸ್, ಸೋಡಿಯಂ ಜೋಡಿ ಸಿಟ್ರೇಟ್ ಸಾಗಿಸೂ ಎಸ್‌ಎಲ್‌ಸಿ13ಎ5 ದೋಷ, ಇಂಥಾವು ಅಪ್ಪ-ಅವ್ವ ಇಬ್ಬರ ಕಡೆಯಿಂದಲೂ ಬರಬೇಕು, ರಕ್ತಸಂಬಂಧದಾಗ ಅದರ ಸಾಧ್ಯತಾ ಹೆಚ್ಚು. ಅದಕ್ಕ ಪರೀಕ್ಷಾ ಮಾಡದ ಅನ್ನಬಾರದು ಅನ್ನೂದು. ರಿಪೋರ್ಟ್ ಕೇಳಿದಾಗ ಆಕಿ ಅತ್ತಿ ಕಡೆ ಹೊಳ್ಳಿ, ‘ಕೇಳಿದ್ರೇನು’ ಅಂತ ಅಷ್ಟ ಅಂದ್ಲು.

ಲಸಿಕಿ ವಿಷಯನೂ ಅವತ್ತ ಮುಗಿಸಿದ್ವಿ. ನಾಯಿಕೆಮ್ಮಿನ ಲಸಿಕಿಯಿಂದಲೇ ಮೆದುಳಿಗೆ ಪೆಟ್ಟಾಗ್ಯದ ಅಂತ ಹೇಳಿದ್ದ 14 ಮಂದಿಯನ್ನ ಆಸ್ಟ್ರೇಲಿಯಾದ ಸ್ಯಾಮ್ಯುಯೆಲ್ ಬರ್ಕೋವಿಕ್ ಮತ್ತ ಜೋಡಿದಾರರು 2006ರಾಗ ಪರೀಕ್ಷಾ ಮಾಡಿದಾಗ 11 ಮಂದಿಯೊಳಗ ಇದ ಎಸ್‌ಸಿಎನ್1ಎ ದೋಷ ಸಿಕ್ಕಿತ್ತು. ಲಸಿಕಿಯ ಜ್ವರ ಮೊದಲನೇ ಫಿಟ್ಸನ್ನ ಸ್ವಲ್ಪ ಮುಂಚೆ ಹೊರಗ ತರಬಹುದು, ಮುಂದಿನ ದಾರಿ ಬದಲಿಸಿದ್ದಕ್ಕ ಪುರಾವಿ ಇಲ್ಲ. ದಡಾರ ಬಂದ್ರ ಬರೂ ಜ್ವರ ಲಸಿಕಿ ಜ್ವರಕ್ಕಿಂತ ಭಾಳ ಜೋರು. ಹಿಂಗಾಗಿ ಒಂಬತ್ತನೇ ತಿಂಗಳಿಗೆ ಬಿಟ್ಟ ದಡಾರ-ರುಬೆಲ್ಲಾ ಲಸಿಕಿಯನ್ನ ನಮ್ಮ ಕಡೇನ ಹಾಕಿದ್ವಿ. ಅದರ ಜ್ವರ ಅವತ್ತ ಬರೂದಲ್ಲ, ಒಂದು ವಾರದ ಮ್ಯಾಲೆ ಬರ್ತದ, ಆ ದಿನಗಳಾಗ ಪ್ಯಾರಾಸಿಟಮಾಲ್ ಮತ್ತ ತುರ್ತು ಔಷಧ ಕೈಯಳತಿಯೊಳಗ ಇಟ್ಕೊಂಡಿದ್ರು. ಸಣ್ಣ ಜ್ವರ ಬಂತು, ಫಿಟ್ಸ್ ಬರ್ಲಿಲ್ಲ. ಓಣಿಯ ಆ ಎರಡು ಮನಿಗೆ ಅಜ್ಜೀನ ಹೋಗಿ ಹೇಳಿ ಬಂದ್ಲಂತ. ಒಂದು ಮನಿಯವರು ಹಾಕ್ಸಿದ್ರು.

ತುರ್ತು ಔಷಧ ಅಂದ್ರ ಮೂಗಿಗೆ ಹೊಡಿಯೂ ಮಿಡಜೋಲಾಮ್ ಸ್ಪ್ರೇ, ತೂಕಕ್ಕ ತಕ್ಕಂತ ಎಷ್ಟು ಸಲ ಹೊಡೀಬೇಕು ಅಂತ ಬರದು ಕೊಟ್ಟಿದ್ದು, ತೂಕ ಏರಿದಂಗ ಬದಲಾಗೂದು. ಐದು ನಿಮಿಷ ದಾಟಿದ್ರ ಹೊಡೀರಿ ಅನ್ನೂದು ಬರೇ ಕಟ್ಟಳಿ ಅಲ್ಲ. ಮಿಡಜೋಲಾಮ್ ಕೆಲಸ ಮಾಡೂದು ಗಾಬಾದ ಕ್ಲೋರೈಡ್ ದಾರಿಯ ಮ್ಯಾಲೆ, ಫಿಟ್ಸ್ ಉದ್ದ ಆದಷ್ಟು ಆ ದಾರಿಗಳು ಕೋಶದ ಪೊರಿಯಿಂದ ಒಳಗ ಸರೀತಾವ, ಕೋಶದೊಳಗ ಕ್ಲೋರೈಡೂ ಏರ್ತದ, ಅರ್ಧ ತಾಸಿನ ಮ್ಯಾಲೆ ಅದ ಔಷಧದ ಬಲ ಕುಂದ್ತದ. ಹಳ್ಳಿಯಿಂದ ತಾಲೂಕಿಗೆ ಬರೂ ದಾರಿ ಆ ಅರ್ಧ ತಾಸನ್ನ ತಿಂತದ, ಹಂಗಾಗಿ ಔಷಧ ಮನ್ಯಾಗ ಇರಬೇಕು. ಕೊಡೂದನ್ನ ಅವ್ವ-ಅಪ್ಪಗ ಅಷ್ಟ ಅಲ್ಲ, ಅಜ್ಜಿಗೂ ಕಲಿಸಿದ್ವಿ, ಹೊಲಕ್ಕ ಹೋದ ಹೊತ್ತಿನ್ಯಾಗ ಕೂಸಿನ ಜೋಡಿ ಇರಾಕಿ ಆಕಿನೇ.

ಅದರ ಜೋಡಿ ಒಂದು ಕಾರ್ಡ್ ಮಾಡಿ ಲ್ಯಾಮಿನೇಷನ್ ಮಾಡಿಸಿದ್ವಿ, ಒಂದು ಬದಿ ಕನ್ನಡ, ಒಂದು ಬದಿ ಇಂಗ್ಲಿಷ್. ರೋಗದ ಹೆಸರು, ನಡದಿರೂ ಔಷಧ, ಮತ್ತ ದಪ್ಪಕ್ಷರದಾಗ ‘ಫೆನಿಟೋಯಿನ್, ಫಾಸ್‌ಫೆನಿಟೋಯಿನ್ ಕೊಡಬ್ಯಾಡ್ರಿ; ಮಿಡಜೋಲಾಮ್ ಆದ ಮ್ಯಾಲೆ ಲೆವೆಟಿರಾಸಿಟಮ್’. ಲೆವೆಟಿರಾಸಿಟಮ್ ಸೋಡಿಯಂ ಚಾನೆಲ್‌ಗೆ ಕೈ ಹಾಕೂ ಔಷಧ ಅಲ್ಲ. ಎರಡು ವರ್ಷದ ಹೊತ್ತಿಗೆ ಒಂದು ಮಳಿ ರಾತ್ರಿ ಕೂಸಿಗೆ ಕಿವಿಸೋಂಕಿನ ಜ್ವರ ಏರಿತ್ತು, ಸ್ಪ್ರೇ ಹೊಡದ್ರೂ ಪೂರ್ತಿ ನಿಲ್ಲಲಿಲ್ಲ, ಹತ್ತಿರದ ಆಸ್ಪತ್ರಿಗೆ ಒಯ್ದ್ರು. ಡ್ಯೂಟಿ ಡಾಕ್ಟರ್ ಹೊಸ ಹುಡುಗ, ವಾಡಿಕಿ ಪ್ರಕಾರ ಫೆನಿಟೋಯಿನ್ ತರ್ರಿ ಅಂದಿದ್ದ. ಅವ್ವ ಕಾರ್ಡ್ ಹಿಡದ್ಲು. ಆತ ಓದಿದ, ಅದರಾಗಿನ ನಂಬರಿಗೆ ಫೋನ್ ಹಚ್ಚಿದ, ಐದು ನಿಮಿಷ ಮಾತಾಡಿದ, ಲೆವೆಟಿರಾಸಿಟಮ್ ಕೊಟ್ಟ, ಫಿಟ್ಸ್ ನಿಂತ್ವು. ಮೊದಲಿನ ಸಲಗಳಾಗ ಫೆನಿಟೋಯಿನ್ ಹೋದ ಮ್ಯಾಲೆ ತಾಸುಗಟ್ಟಲೆ ಫಿಟ್ಸ್ ನಡದಿದ್ದ ಕೂಸು ಮರುದಿನ ಮುಂಜಾನೆ ಹಾಲು ಕುಡೀತು. ಆ ಡಾಕ್ಟರ್ ಹುಡುಗನ್ನ ನಾ ಇನ್ನೂ ನೋಡಿಲ್ಲ, ಆದ್ರ ಗೊತ್ತಿಲ್ಲದ ಊರಿನ ಹೆಣ್ಣುಮಗಳು ರಾತ್ರಿ ಹಿಡದ ಕಾರ್ಡನ್ನ ಓದೂ ತಾಳ್ಮಿ ಇದ್ದ ಆತನ ಬಗ್ಗೆ ನನಗ ಭಾಳ ಗೌರವ ಅದ.

ಕೀಟೋಜೆನಿಕ್ ಆಹಾರನೂ ನೋಡಿದ್ವಿ. ಡ್ರಾವೆ ಮಕ್ಕಳೊಳಗ ಅದರಿಂದ ಉಪಯೋಗ ಆಗಿದ್ದು ಅದ, ಆದ್ರ ರೊಟ್ಟಿ ಅನ್ನ ಬಿಡಿಸಿ ಎಣ್ಣಿ ಬೆಣ್ಣಿ ಅಳದು ತಿನ್ಸೂದು ಕೂಡುಮನಿಯೊಳಗ ನಡೀಲಿಲ್ಲ, ಕೂಸೂ ಒಲ್ಲೆ ಅಂತು, ಬಿಟ್ವಿ. ಸ್ಟಿರಿಪೆಂಟಾಲ್ ಅನ್ನೂ ಔಷಧ ಈ ರೋಗಕ್ಕಂತನ 2007ರಾಗ ಯುರೋಪಿನ್ಯಾಗ ಒಪ್ಪಿಗಿ ಪಡದದ್ದು, ನಾವು ವಿಚಾರಿಸಿದಾಗ ಹುಬ್ಬಳ್ಳಿಯೊಳಗ ಸಿಗ್ಲಿಲ್ಲ, ಹೊರಗಿಂದ ತರಸೂ ಖರ್ಚು ಆ ಮನಿಗೆ ತಡಿಯೂ ಹಂತಾದ್ದಲ್ಲ.

ಈಗ ಹುಡುಗಿಗೆ ನಾಕು ವರ್ಷ. ಫಿಟ್ಸ್ ಪೂರ್ತಿ ಹೋಗಿಲ್ಲ, ಎರಡು ಮೂರು ತಿಂಗಳಿಗೊಮ್ಮೆ ಜ್ವರದಾಗ ಬರ್ತದ, ಹೆಚ್ಚಿನ ಸಲ ಐದು ನಿಮಿಷದೊಳಗ ನಿಲ್ತದ. ನಡೀತಾಳ, ಸ್ವಲ್ಪ ಕಾಲು ಅಗಲಿಸಿ. ಮಾತು ಹಿಂದ ಉಳದದ, ಬಿಡಿ ಬಿಡಿ ಶಬ್ದ ಅಷ್ಟ. ಒಂದ ಕಡೆ ಕೂಡೂದಿಲ್ಲ. ಇದು ಬರೇ ಫಿಟ್ಸಿಂದ ಆದದ್ದಲ್ಲ, ಆ ಚಾನೆಲ್‌ನ ಕೊರತಿಯಿಂದಲೂ ಆಗ್ತದ, ಹಿಂಗಾಗಿ ಮೊದಲ ಗುರುತು ಹಿಡದಿದ್ರ ಎಲ್ಲಾ ಸರಿ ಇರ್ತಿತ್ತು ಅಂತ ಅವರಿಗೆ ನಾ ಹೇಳಿಲ್ಲ, ಅದು ಖರೆ ಅಲ್ಲ. ರಾತ್ರಿ ನಿದ್ದಿಯೊಳಗ ಅಚಾನಕ್ ಸಾವಿನ ಅಪಾಯ ಈ ರೋಗದಾಗ ಉಳಿದ ಮೂರ್ಛೆರೋಗಕ್ಕಿಂತ ಜಾಸ್ತಿ ಅನ್ನೂದನ್ನ ಮಾತ್ರ ಮುಚ್ಚಿಡದ ಹೇಳೇನಿ, ಅವ್ವನ ಬಾಜೂಕ ಮಲಗ್ತಾಳ. ಬ್ಯಾಸಗಿಯೊಳಗ ಮಧ್ಯಾಹ್ನ ಹೊರಗ ಬಿಡೂದಿಲ್ಲ, ಜಾತ್ರಿ ತೇರಿಗೆ ಸಂಜಿಮುಂದ ಕರ್ಕೊಂಡು ಹೋಗ್ತಾರ.

ಅಂಗನವಾಡಿ ಶಿಕ್ಷಕಿಗೆ ಸ್ಪ್ರೇ ಹೊಡಿಯೂದು ಕಲಿಸ್ಯಾರ. ಇನ್ನೊಂದು ಕೂಸು ಬೇಕು ಅಂತ ಈಗ ಕೇಳ್ಲಿಕ್ಕತ್ತಾರ. ರಕ್ತದಾಗ ಕಾಣದಿದ್ರೂ ಅಪ್ಪ ಅಥವಾ ಅವ್ವನ ಕೆಲವೇ ಕೋಶದಾಗ ಈ ಬದಲಾವಣಿ ಇರೂ ಸಾಧ್ಯತಾ ಇರ್ತದ, ಅದಕ್ಕ ಅಪಾಯ ಸಣ್ಣದು, ಸೊನ್ನಿ ಅಲ್ಲ ಅಂತ ಹೇಳೇನಿ. ಗರ್ಭಿಣಿ ಇದ್ದಾಗ ಪರೀಕ್ಷಾ ಮಾಡಿಸಬಹುದು, ಎಲ್ಲೆ ಮಾಡ್ತಾರ, ಎಷ್ಟನೇ ವಾರಕ್ಕ ಅನ್ನೂದನ್ನ ಜೆನೆಟಿಕ್ ಕೌನ್ಸೆಲರ್ ಜೋಡಿ ಕೂಡ್ಸಿ ಮಾತಾಡ್ಸೂದು ಇನ್ನ ಬಾಕಿ ಅದ.